ಐಆರ್‌ಎಲ್, ಎಎಫ್‌ಕೆ, ಮೀಟ್‌ಸ್ಪೇಸ್: ಸಬ್‌ಟೈಟಲ್‌ನಲ್ಲಿ ಏನು ಹಾಕೋದು?

ಹೊಸನಗರದವ:
ಗೇಮಿಂಗ್ ಬಗ್ಗೆ ಇರೋ ಇಂಗ್ಲಿಷ್ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಬೇಕಾಗಿದೆ. ನೋಡೋರು ಶಿವಮೊಗ್ಗದ ಪಿಯುಸಿ ಮಕ್ಕಳು. ನೆಟ್‌ನಿಂದ ಆಚೆಗಿನ ಬದುಕಿಗೆ ನಾಲ್ಕು ಪದ ಬರುತ್ತೆ: ಐಆರ್‌ಎಲ್ (ಇನ್ ರಿಯಲ್ ಲೈಫ್), ಎಎಫ್‌ಕೆ (ಅವೇ ಫ್ರಮ್ ಕೀಬೋರ್ಡ್), ಮೀಟ್‌ಸ್ಪೇಸ್, ಟಚ್ ಗ್ರಾಸ್. ನಾಲ್ಕಕ್ಕೂ ‘ನಿಜ ಜೀವನ’ ಅಂತ ಹಾಕಿಬಿಡ್ಲಾ?

ತುಂಗಾತೀರ:
ಬೇಡ ಮಾರಾಯ್ರೆ. ಎಎಫ್‌ಕೆ ಅಂದ್ರೆ ಲಾಗಿನ್ ಹಾಗೇ ಇದೆ, ಆಳು ಕೀಬೋರ್ಡ್ ಮುಂದಿಲ್ಲ. ಆಫೀಸಲ್ಲಿ ‘ಸಾಹೇಬ್ರು ಸೀಟಲ್ಲಿಲ್ಲ’ ಅಂತಾರಲ್ಲ, ಅದೇ. ಆಟದಲ್ಲಿ ಪಾತ್ರ ಗರ ಬಡಿದ ಹಾಗೆ ನಿಂತಿರುತ್ತೆ, ಟೀಮಿನವರು ಬೈತಾರೆ. ‘ಎದ್ದು ಹೋಗಿದಾನೆ’ ಸಾಕು. ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಅದು ಎಎಫ್‌ಕೆ ಅಲ್ಲ, ಡಿಸ್‌ಕನೆಕ್ಟ್. ಇವೆರಡನ್ನ ಕಲಸಿದ್ರೆ ಮಕ್ಕಳೇ ನಗ್ತಾರೆ.

ಐಆರ್‌ಎಲ್‌ಗೆ ವಾಕ್ಯ ನೋಡಿ. ಭೇಟಿ ಆದ್ರೆ ‘ಎದುರಿಗೆ ಸಿಕ್ಕಿದ್ವಿ’, ‘ಖುದ್ದಾಗಿ’. ‘ನಿಜ ಜೀವನ’ ಅಂದ್ರೆ ನೆಟ್‌ನಲ್ಲಿ ಆಗೋದೆಲ್ಲ ಸುಳ್ಳು ಅಂದ ಹಾಗಾಗುತ್ತೆ. ಅಲ್ಲಿ ಕಳಕೊಂಡ ದುಡ್ಡು ಸುಳ್ಳಾ?

ಕೊಡಚಾದ್ರಿ ಕೆಳಗೆ:
ಮೀಟ್‌ಸ್ಪೇಸನ್ನ ‘ಮಾಂಸಲೋಕ’ ಮಾಡ್ಬೇಡಿ, ಮಟನ್ ಸ್ಟಾಲ್ ಬೋರ್ಡಿನಂತಿರುತ್ತೆ. ಇಲ್ಲಿ ‘ಮೀಟ್’ ಅಂದ್ರೆ ಮೈ. ಸೈಬರ್‌ಸ್ಪೇಸ್ ಪದ ವಿಜ್ಞಾನ ಕಥೆಗಾರ ವಿಲಿಯಂ ಗಿಬ್ಸನ್ 1982ರ ಕಥೆಯೊಂದರಲ್ಲಿ ತಂದದ್ದು. 1984ರ ಅವನ ಕಾದಂಬರಿಯಲ್ಲಿ ಹ್ಯಾಕರ್‌ಗಳು ದೇಹವನ್ನೇ ‘ಮೀಟ್’ ಅಂತ ಹೀಗಳೀತಾರೆ. ಸೈಬರ್‌ಸ್ಪೇಸ್‌ಗೆ ಎದುರಾಗಿ ಮೀಟ್‌ಸ್ಪೇಸ್ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಆ ತಾತ್ಸಾರ ಉಳೀಬೇಕು ಅಂದ್ರೆ ‘ಈ ಮೈ ಹೊತ್ತುಕೊಂಡು ತಿರುಗೋ ಲೋಕ’ ಅನ್ನಿ. ಜಾಗ ಇಲ್ದಿದ್ರೆ ಮೀಟ್‌ಸ್ಪೇಸ್ ಅಂತಲೇ ಬಿಡಿ.

ಟಚ್ ಗ್ರಾಸ್ ಸದಾ ನೆಟ್‌ನಲ್ಲೇ ಮುಳುಗಿರೋರಿಗೆ ಹಾಕೋ ಬೈಗುಳ, ಸಲಹೆ ಅಲ್ಲ. ‘ಹುಲ್ಲು ಮುಟ್ಟು’ ಅಂದ್ರೆ ಮಳೆಗಾಲದಲ್ಲಿ ಆಗುಂಬೆ ಕಡೆಯವರಿಗೆ ಉಂಬಳವೇ (ಜಿಗಣೆ) ನೆನಪಾಗೋದು. ‘ಫೋನ್ ಇಟ್ಟು ಒಂದ್ಸಲ ತೋಟಕ್ಕೆ ಹೋಗ್ಬಾ ಮಾರಾಯ’ ಸರಿಹೋಗುತ್ತೆ.

ಹೊಸನಗರದವ:
ಸರಿ. ಐಆರ್‌ಎಲ್, ಎಎಫ್‌ಕೆ ಹಾಗೇ ಬಿಡೋ ಕಡೆ ಆ ಇಂಗ್ಲಿಷ್ ಅಕ್ಷರಗಳನ್ನ ಕನ್ನಡ ಲಿಪಿಯಲ್ಲೇ ಬರೀಲಾ?

ತುಂಗಾತೀರ:
ಬರೀರಿ, ಆದ್ರೆ ‘ಎಎಫ್’ ಆದಮೇಲೆ ಝಡ್‌ಡಬ್ಲ್ಯುಎನ್‌ಜೆ ಅನ್ನೋ ಕಾಣದ ಅಕ್ಷರ ಹಾಕ್ಬೇಕು. ಇಲ್ದಿದ್ರೆ ‘ಕೆ’ ಒತ್ತಕ್ಷರ ಆಗಿ ‘ಎಎಫ್ಕೆ’ ಅಂತ ಕಾಣುತ್ತೆ. ಕೆಲವು ಎಡಿಟರ್‌ಗಳು ಪೇಸ್ಟ್ ಮಾಡುವಾಗ ಅದನ್ನ ನುಂಗಿಬಿಡ್ತವೆ, ಕೊನೇಲಿ ಮತ್ತೆ ನೋಡಿ. ಎಸ್‌ಆರ್‌ಟಿ ಅನ್ನೋ ಸಬ್‌ಟೈಟಲ್ ಫೈಲನ್ನ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ ಸೇವ್ ಮಾಡಿ, ಇಲ್ಲಾಂದ್ರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತೆ. ಒಂದ್ಸಲಕ್ಕೆ ಎರಡು ಸಾಲು ದಾಟಿಸ್ಬೇಡಿ.