‘ಪಾಸ್‌ವರ್ಡ್ ತೆಗೆದುಕೊಡಿ’ ಅಂದರೆ ಏನನ್ನು ತೆಗೆಯಬೇಕು?

ಒಂದು ಕ್ರಿಯಾಪದದ ಬಗ್ಗೆ ಕೇಳಬೇಕಿದೆ. ಹೊಸ ಪದವೇನಲ್ಲ. ದಿನಕ್ಕೆ ನೂರು ಸಲ ಬಾಯಿಗೆ ಬರುವ ‘ತೆಗೆ’. ಈ ಪದದ ದೆಸೆಯಿಂದ ನಮ್ಮ ಮನೆಯ ಹಳೇ ಫೋಟೋಗಳೆಲ್ಲ ಇನ್ನೇನು ಹೋಗಿಯೇಬಿಡುತ್ತಿದ್ದವು.

ಮಾವನವರ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಈಚೆಗೆ ಆನ್ ಮಾಡಿದರೆ ಉಸಿರೇ ಇಲ್ಲ. ಸರಿ, ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದು (ನೋಡಿ, ಬಂದೇಬಿಟ್ಟಿತು) ಬೇರೆ ಕಂಪ್ಯೂಟರಿಗೆ ಹಾಕಿದೆವು. ತಿರುಗುವ ಸದ್ದು ಕೇಳುತ್ತದೆ. ಡಿಸ್ಕ್‌ನ ಮಾಡೆಲ್ ಹೆಸರು, ಎಷ್ಟು ಜಿಬಿ ಅನ್ನುವುದು ಎರಡೂ ಕಾಣುತ್ತವೆ. ಒಳಗಿರುವುದನ್ನು ಮಾತ್ರ ಒಂದಕ್ಷರವೂ ಓದಲು ಬಿಡುವುದಿಲ್ಲ. ವಿಂಡೋಸ್ ಬರುವ ಮುಂಚೆಯೇ ಕಪ್ಪು ಪರದೆಯ ಮೇಲೆ ಮಾವ ಏನನ್ನೋ ಟೈಪ್ ಮಾಡುತ್ತಿದ್ದುದು ಆಗ ನಮ್ಮವರಿಗೆ ನೆನಪಾಯಿತು. ಅಂದರೆ ಪಾಸ್‌ವರ್ಡ್ ವಿಂಡೋಸ್‌ಗೆ ಹಾಕಿದ್ದಲ್ಲ, ಡಿಸ್ಕ್‌ಗೇ ಹಾಕಿದ್ದು.

ರಿಪೇರಿ ಮಾಡುವವರೊಬ್ಬರಿಗೆ ಫೋನ್ ಮಾಡಿದೆ.

“ಹಳೇ ಹಾರ್ಡ್ ಡಿಸ್ಕು. ಪಾಸ್‌ವರ್ಡ್ ತೆಗೆದುಕೊಡ್ತೀರಾ?”

“ತೆಗೆದುಕೊಡ್ತೀವಿ ಮೇಡಂ, ಅದೇನು ದೊಡ್ಡ ಕೆಲಸ ಅಲ್ಲ. ಡಿಸ್ಕ್ ಹೊಸದರ ಥರ ಆಗುತ್ತೆ.”

‘ಹೊಸದರ ಥರ’ ಅಂದದ್ದು ಕಿವಿಗೆ ಚುಚ್ಚಿತು. ಒಳಗಿರುವ ಫೋಟೋಗಳು ಏನಾಗುತ್ತವೆ ಅಂತ ಕೇಳಿದೆ. “ಅದೂ ಹೋಗುತ್ತಲ್ಲ ಮೇಡಂ, ನೀವು ತೆಗೀಬೇಕು ಅಂದ್ರಲ್ವಾ?” ಅಂದರು.

ಅವರದು ತಪ್ಪು ಅನ್ನಲಾರೆ. ಅವರ ಕನ್ನಡವೂ ಸರಿಯೇ, ನನ್ನ ಕನ್ನಡವೂ ಸರಿಯೇ. ಅಲ್ಲೇ ನನ್ನ ತಲೆಬಿಸಿ ಶುರುವಾದದ್ದು.

‘ತೆಗೆ’ಯನ್ನು ನಾವು ಎಲ್ಲೆಲ್ಲಿ ಹಾಕುತ್ತೇವೆ ನೋಡಿ. ಬಾಗಿಲು ತೆಗೆ ಅಂದರೆ ತೆರೆ. ಪಟ್ಟಿಯಿಂದ ಹೆಸರು ತೆಗೆ ಅಂದರೆ ಹೊಡೆದುಹಾಕು. ಪೆಟ್ಟಿಗೆಯಿಂದ ಸೀರೆ ತೆಗೆ ಅಂದರೆ ಹೊರಗಿಡು. ಸಾಲ ತೆಗೆದರೆ ಕೈಗೆ ದುಡ್ಡು ಬರುತ್ತದೆ, ಪ್ರಾಣ ತೆಗೆದರೆ ಪ್ರಾಣ ಹೋಗುತ್ತದೆ. ಜಗಳ ತೆಗೆದರೆ ಇಲ್ಲದ ಜಗಳ ಹುಟ್ಟುತ್ತದೆ. ಇನ್ನು ‘ಫೋಟೋ ತೆಗೆ’ ಅಂದರಂತೂ ಕೇಳಲೇಬೇಡಿ. ಕ್ಯಾಮೆರಾ ಹಿಡಿದವನಿಗೆ ಅದು ಫೋಟೋ ಹುಟ್ಟಿಸುವ ಕೆಲಸ. ಗೋಡೆಯ ಮುಂದೆ ಏಣಿ ಹಾಕಿ ನಿಂತವನಿಗೆ ಕೆಳಗಿಳಿಸುವ ಕೆಲಸ. ಫೋನಿನಲ್ಲಿ ಜಾಗ ಸಾಲದವನಿಗೆ ಡಿಲೀಟ್ ಮಾಡುವ ಕೆಲಸ. ಒಂದೇ ಪದ ಫೋಟೋವನ್ನು ಹುಟ್ಟಿಸುತ್ತದೆ, ಕೊಲ್ಲುತ್ತದೆ. ಇಂಥ ಇನ್ನೊಂದು ಕ್ರಿಯಾಪದ ನಮ್ಮಲ್ಲಿದೆಯಾ?

ಸಾಮಾನ್ಯವಾಗಿ ಇದರಿಂದ ತೊಂದರೆ ಆಗುವುದಿಲ್ಲ, ಯಾಕಂದರೆ ಹಿಂದೆ ಬರುವ ಪುಟ್ಟ ಕ್ರಿಯಾಪದ ನಮ್ಮನ್ನು ಕಾಯುತ್ತದೆ. ತೆಗೆದುಹಾಕು ಅಂದರೆ ಬೇಡ ಅಂತ. ತೆಗೆದಿಡು ಅಂದರೆ ಬೇಕು ಅಂತ. ತೆಗೆದುಬಿಡು ಅಂದರೆ ಹೋದರೆ ಹೋಗಲಿ ಅಂತ. ತೆಗೆದುಕೊಡು ಅಂದರೆ ನನ್ನ ಕೈಗೆ ಬರಲಿ ಅಂತ. ನಾನು ‘ಕೊಡಿ’ ಅಂತಲೇ ಹೇಳಿದ್ದೆ ಅಲ್ವಾ? ಆದರೂ ಅದು ನನ್ನನ್ನು ಕಾಯಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ನಾನು ತೆಗೆದುಕೊಡಿ ಅಂದದ್ದು ಪಾಸ್‌ವರ್ಡನ್ನು, ಫೋಟೋಗಳನ್ನಲ್ಲ. ಕರ್ಮಪದವೇ ತಪ್ಪಿದ್ದರೆ ‘ಕೊಡು’ ಪಾಪ ಏನು ಮಾಡುತ್ತದೆ?

ಇದು ಸುಮ್ನೆ ವ್ಯಾಕರಣದ ಚೇಷ್ಟೆ ಅನ್ನಿಸಬಹುದು. ಆದರೆ ಡಿಸ್ಕ್‌ನ ಒಳಗೆ ನಡೆಯುವುದನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಇಂಥ ಬೀಗದ ಡಿಸ್ಕ್‌ಗೆ ಕಂಪ್ಯೂಟರ್ ಕೊಡಬಹುದಾದ ಆಜ್ಞೆಗಳಲ್ಲಿ ಮೂರು ಮುಖ್ಯ. ಒಂದು, ಅನ್‌ಲಾಕ್: ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಕರೆಂಟ್ ಇರುವಷ್ಟು ಹೊತ್ತು ಡಿಸ್ಕ್ ತೆರೆದಿರುತ್ತದೆ, ಕರೆಂಟ್ ತೆಗೆದರೆ ಮತ್ತೆ ಬೀಗ. ಎರಡು, ಡಿಸೇಬಲ್: ಪಾಸ್‌ವರ್ಡ್ ಕೊಟ್ಟು ಬೀಗವನ್ನೇ ಕಳಚಿಹಾಕುವುದು, ಒಳಗಿನದು ಹಾಗೇ ಇರುತ್ತದೆ. ಮೂರು, ಇರೇಸ್: ಡಿಸ್ಕ್ ಇಡೀ ಅಳಿಸಿ ಬೀಗವನ್ನೂ ಬಿಚ್ಚುವುದು. ಈ ಮೂರಕ್ಕೂ ಕನ್ನಡದಲ್ಲಿ ‘ಪಾಸ್‌ವರ್ಡ್ ತೆಗೆಯುವುದು’ ಅಂತಲೇ ಹೇಳುತ್ತೇವೆ! ಮೊದಲ ಎರಡಕ್ಕೆ ಸಾಮಾನ್ಯವಾಗಿ ಮಾವ ಹಾಕಿದ ಪಾಸ್‌ವರ್ಡೇ ಗೊತ್ತಿರಬೇಕು. ಅದು ಗೊತ್ತಿಲ್ಲದವರಿಗೆ ಸುಲಭವಾಗಿ ಸಿಗುವುದು ಮೂರನೆಯ ದಾರಿ. ಅದಕ್ಕೇ “ಅದೇನು ದೊಡ್ಡ ಕೆಲಸ ಅಲ್ಲ” ಅಂದದ್ದು.

ಇದರಲ್ಲಿ ಇನ್ನೊಂದು ಸುತ್ತು ಇದೆ. ಈ ಬೀಗಕ್ಕೆ ಎರಡು ಪಾಸ್‌ವರ್ಡ್ ಇರುತ್ತವೆ, ಬಳಸುವವರದು ಒಂದು, ಡಿಸ್ಕ್ ತಯಾರಿಸಿದವರು ಮೊದಲೇ ಇಟ್ಟಿರುವ ಮಾಸ್ಟರ್ ಅನ್ನುವುದು ಇನ್ನೊಂದು. ಬೀಗ ‘ಹೈ’ ಮಟ್ಟದಲ್ಲಿದ್ದರೆ ಮಾಸ್ಟರ್‌ನಿಂದಲೂ ತೆರೆಯಬಹುದು. ‘ಮ್ಯಾಕ್ಸಿಮಮ್’ ಮಟ್ಟದಲ್ಲಿದ್ದರೆ ಮಾಸ್ಟರ್‌ನಿಂದ ಆಗುವುದು ಅಳಿಸುವುದೊಂದೇ. ಅಂದರೆ ಒಂದೇ ಕೀಲಿಕೈ ಒಂದು ಕಡೆ ತೆರೆಯುತ್ತದೆ, ಇನ್ನೊಂದು ಕಡೆ ಸುಡುತ್ತದೆ.

ಹಾಗಾಗಿ ನಾನೀಗ ಮೂರಕ್ಕೂ ಬೇರೆ ಬೇರೆ ಪದ ಬಳಸುತ್ತಿದ್ದೇನೆ. ಅನ್‌ಲಾಕ್‌ಗೆ ‘ಬೀಗ ತೆರೆ’, ಡಿಸೇಬಲ್‌ಗೆ ‘ಬೀಗ ಕಳಚು’, ಇರೇಸ್‌ಗೆ ‘ಅಳಿಸಿಹಾಕು’. ‘ಅಳಿಸು’ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ತಿರುಗುವ ಡಿಸ್ಕ್‌ನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದರೆ ಪರಿವಿಡಿಯಿಂದ ಅದರ ಹೆಸರು ಹೋಗುತ್ತದೆ ಅಷ್ಟೇ. ಆ ಜಾಗಕ್ಕೆ ಬೇರೇನಾದರೂ ಬಂದು ಕೂರುವವರೆಗೂ ಚಿತ್ರ ಅಲ್ಲೇ ಬಿದ್ದಿರುತ್ತದೆ. ಅದು ಅಳಿದದ್ದಲ್ಲ, ಲೆಕ್ಕದಿಂದ ಬಿಟ್ಟದ್ದು. ಇರೇಸ್ ಆಜ್ಞೆ ಹಾಗಲ್ಲ, ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ, ಗೀಟೂ ಉಳಿಯುವುದಿಲ್ಲ. ಮೊದಲನೆಯದಕ್ಕೆ ‘ಅಳಿಸು’, ಎರಡನೆಯದಕ್ಕೆ ‘ಒರೆಸಿಹಾಕು’ ಅಂದರೆ ಹೇಗೆ?

ಬೀಗ ಅಂದೆ. ಆದರೆ ಎಲ್ಲ ಪಾಸ್‌ವರ್ಡೂ ಬೀಗವಲ್ಲ. ವಿಂಡೋಸ್ ಪಾಸ್‌ವರ್ಡ್ ಬಾಗಿಲಲ್ಲಿ ನಿಂತ ಕಾವಲುಗಾರನ ಹಾಗೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಅವನು ಅಲ್ಲೇ ಉಳಿಯುತ್ತಾನೆ, ಫೋಟೋಗಳು ಸಾಮಾನ್ಯವಾಗಿ ಸಿಕ್ಕಿಬಿಡುತ್ತವೆ. ಮಾವನ ಡಿಸ್ಕ್‌ನದು ಪೆಟ್ಟಿಗೆಯ ಬೀಗ, ಪೆಟ್ಟಿಗೆ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. ಒಳಗಿನ ಬರಹ ಮಾತ್ರ ಇದ್ದ ಹಾಗೇ ಇರುತ್ತದೆ. ವಿಂಡೋಸ್‌ನಲ್ಲೇ ಬರುವ ಬಿಟ್‌ಲಾಕರ್‌ನಂಥದ್ದು ಇನ್ನೂ ಬೇರೆ. ಅಲ್ಲಿ ಬರಹವನ್ನೇ ಕಲಸಿ ಇಟ್ಟಿರುತ್ತಾರೆ. ಪಾಸ್‌ವರ್ಡ್ ಮರೆತರೆ 48 ಅಂಕಿಯ ರಿಕವರಿ ಕೀ ಬೇಕು, ಅದೂ ಇಲ್ಲವಾದರೆ ಪೆಟ್ಟಿಗೆ ಒಡೆದರೂ ಸಿಗುವುದು ಕಲಸಿದ ಅಕ್ಷರಗಳೇ. ಇದಕ್ಕೆ ಗೂಢಲಿಪೀಕರಣ ಅನ್ನುತ್ತಾರೆ. ಅತ್ತೆಗೆ ಆ ಪದ ಹೇಳಿದರೆ ನನ್ನನ್ನೇ ಗೂಢವಾಗಿ ನೋಡುತ್ತಾರೆ. ‘ಗುಟ್ಟುಬರಹ’ ಅಂದೆ, ಅರ್ಥವಾಯಿತು.

‘ರಿಕವರಿ’ಗೆ ಕನ್ನಡ ಹುಡುಕಿದರೆ ಇನ್ನೂ ಮಜಾ. ಮೈ ಹುಷಾರಾದರೆ ಚೇತರಿಕೆ. ಸಾಲದ್ದಾದರೆ ವಸೂಲಿ. ‘ಫೋಟೋ ವಸೂಲಿ’ ಅಂದರೆ ಯಾರೋ ಲಾಠಿ ಹಿಡಿದು ಬಂದ ಹಾಗಿರುತ್ತದೆ. ಪುನಃಪ್ರಾಪ್ತಿ ಅನ್ನುವುದು ಹರಕೆಯ ಫಲದ ಥರ ಕೇಳಿಸುತ್ತದೆ. ‘ಹಿಂಪಡೆ’ ಚೆನ್ನಾಗಿದೆ, ಆದರೆ ಪತ್ರಿಕೆಗಳು ಅದನ್ನು ದೂರಿಗೆ, ಹೇಳಿಕೆಗೆ ಕೊಟ್ಟುಬಿಟ್ಟಿವೆ. ದೂರು ಹಿಂಪಡೆದರು ಅಂದರೆ ದೂರು ಇನ್ನಿಲ್ಲ ಅಂತ. ಫೋಟೋ ಹಿಂಪಡೆದರು ಅಂದರೆ ಫೋಟೋ ಇದೆಯೋ ಇಲ್ಲವೋ? ಪಾಸ್‌ವರ್ಡ್‌ಗೆ ಗುಪ್ತಪದ, ಪ್ರವೇಶಪದ ಎರಡನ್ನೂ ನೋಡಿದ್ದೇನೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಪಾಸ್‌ವರ್ಡ್ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ಇನ್ನೊಂದು ಪದ, ‘ಕೀಲಿ’. ಇದರ ಕಥೆ ಹೇಳದಿದ್ದರೆ ಡಿಸ್ಕ್ ತೆರೆದದ್ದು ಹೇಗೆ ಅಂತ ತಿಳಿಯುವುದಿಲ್ಲ.

ಮಾವನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಎರಡು ಸಾಲು ಸಿಕ್ಕಿತು. ‘ಕಂಪ್ಯೂಟರ್ ಕೀಲಿ 3-8-2009’. ಕೆಳಗೆ ‘ಕೈ ಗುಬ್ಬಿಗೂಡು’. ಅಷ್ಟೇ. ಕೀಲಿ ಅಂದರೆ ಕೀ ಅಂತ ಓದಿದ ನಾನು ಕುಣಿದಾಡಿದೆ. ಆ ತಾರೀಖನ್ನೇ ಸೊನ್ನೆ ಹಾಕಿ, ಹಾಕದೆ, ಅಡ್ಡಗೆರೆ ಇಟ್ಟು, ಇಡದೆ ಹೊಡೆದೆವು. ಐದು ಸಲ ತಪ್ಪಿದರೆ ಡಿಸ್ಕ್ ಮುಷ್ಕರ ಹೂಡುತ್ತದೆ, ಕರೆಂಟ್ ತೆಗೆದು ಮತ್ತೆ ಕೊಟ್ಟರಷ್ಟೇ ಆರನೆಯ ಸಲ ಕೇಳಿಸಿಕೊಳ್ಳುತ್ತದೆ. ಒಂದು ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಎರಡನೇ ಸಾಲನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಲೆಕ್ಕದ ಪುಸ್ತಕ ಅಲ್ವಾ, ‘ಕೈ’ ಅಂದರೆ ಕೈಗಡ ಇರಬೇಕು, ಯಾರಿಗೋ ಗುಬ್ಬಿಗೂಡು ಅಂತ ಅಡ್ಡಹೆಸರು ಇಟ್ಟಿದ್ದಾರೆ ಅಂದುಕೊಂಡಿದ್ದೆವು.

ಕೊನೆಗೆ ಅತ್ತೆ ಬಂದು ನೋಡಿದರು. “ಕೀಲಿ ಅಂದ್ರ ಬಾಗಲಾಕ ಹಾಕೋದು. ಕೈ ಅಂದ್ರ ಕೀಲಿಕೈ. ಇಷ್ಟೂ ತಿಳೀಲಿಲ್ಲೇನ ನಿಮಗ?”

ಅವರು, ಮಾವ ಇಬ್ಬರೂ ಉತ್ತರ ಕರ್ನಾಟಕದವರು. ಅಲ್ಲಿ ಕೀಲಿ ಅಂದರೆ ಬೀಗ. ಬಾಗಿಲಿಗೆ ‘ಕೀಲಿ ಹಾಕು’ ಅನ್ನುತ್ತಾರೆ. ನಾನು ಬೆಳೆದ ಕಡೆ ಕೀಲಿ ಅಂದರೆ ಬೀಗದ ಕೈ. ಕಂಪ್ಯೂಟರಿನ ಕನ್ನಡವೂ ಇದನ್ನೇ ಹಿಡಿದಿದೆ, ಕೀಬೋರ್ಡ್‌ಗೆ ಕೀಲಿಮಣೆ ಅಂದದ್ದು ಹಾಗೆಯೇ. ಸಂಸ್ಕೃತದ ‘ಕೀಲ’ ಅಂದರೆ ಗೂಟ, ಬೆಣೆ. ಬೀಗವೂ ಬೆಣೆಯೇ, ಬೀಗದ ಕೈಯೂ ಒಂಥರಾ ಬೆಣೆಯೇ, ಎರಡು ಕಡೆಯವರಿಗೂ ಹಕ್ಕಿದೆ ಅನ್ನಿ. ಆದರೆ ನಾಳೆ ಯಾವುದಾದರೂ ಪರದೆಯ ಮೇಲೆ ‘ಕೀಲಿ ತೆಗೆಯಿರಿ’ ಅಂತ ಬಂದರೆ? ಅತ್ತೆಗೆ ಅದು ‘ಬೀಗ ತೆರೆ’. ನನಗೆ ‘ಕೀ ಡಿಲೀಟ್ ಮಾಡು’. 48 ಅಂಕಿಯ ಕೀ ಇರುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ನನ್ನ ಕೇಳಿದರೆ ಕಂಪ್ಯೂಟರಿನಲ್ಲಿ ‘ಕೀಲಿ’ಯನ್ನು ಒಂಟಿಯಾಗಿ ಬಿಡಬಾರದು, ‘ಕೀಲಿಕೈ’ ಅಂತಲೇ ಬರೆಯಬೇಕು. ಅದಕ್ಕೆ ಎರಡೂ ಕಡೆ ಕೀ ಅನ್ನುವುದೊಂದೇ ಅರ್ಥ.

ಮುಂದಿನದು ಚುಟುಕಾಗಿ. ಗುಬ್ಬಿಗೂಡನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದಿದ್ದರು? ‘ಗೂ’ಗೆ ಎರಡು ‘ಓ’ ಇಟ್ಟರೋ, ಒಂದು ‘ಯು’ ಇಟ್ಟರೋ? ಎಲ್ಲ ಥರ ಹೊಡೆದರೂ ಡಿಸ್ಕ್ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ತಿಳಿದದ್ದು: ಕೆಲವು ಲ್ಯಾಪ್‌ಟಾಪ್‌ಗಳು ನಾವು ಹೊಡೆದದ್ದನ್ನು ತಮ್ಮದೇ ರೀತಿಯಲ್ಲಿ ಬದಲಾಯಿಸಿ ಡಿಸ್ಕ್‌ಗೆ ಕೊಡುತ್ತವೆ. ಅದೇ ಪಾಸ್‌ವರ್ಡ್ ಬೇರೆ ಕಂಪ್ಯೂಟರಿನಲ್ಲಿ ಹೊಡೆದರೆ ಡಿಸ್ಕ್‌ಗೆ ಬೇರೇನೋ ಕೇಳಿಸುತ್ತದೆ. ನೆಂಟರೊಬ್ಬರ ಅಟ್ಟದಲ್ಲಿ ಅದೇ ಮಾಡೆಲ್ ಲ್ಯಾಪ್‌ಟಾಪ್ ಸಿಕ್ಕಿತು. ಡಿಸ್ಕ್ ಅದಕ್ಕೆ ಹಾಕಿ, ಎರಡು ‘ಓ’ ಇಟ್ಟು ಹೊಡೆದರೆ ಕಪ್ಪು ಪರದೆ ಸರಿಯಿತು. ಮೊದಲು ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿದೆವು. ಬೀಗ ಕಳಚಿದ್ದು ಅದಾದ ಮೇಲೆಯೇ.

ಫೋಟೋಗಳು ಸುಮಾರು 1,800. ಅರ್ಧಕ್ಕರ್ಧದ ಮೂಲೆಯಲ್ಲಿ ಮಾವನ ಹೆಬ್ಬೆರಳು ಮಸುಕಾಗಿ ಬಂದಿದೆ. ‘ತೆಗೆದದ್ದು’ ಅವರೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು, “ಅಂತೂ ಫೋಟೋ ಬಿಡಿಸ್ಕೊಂಡು ಬಂದ್ರು” ಅಂತ. ಕೇಳಿ ನಾನು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದೆ. ಅಡವಿಟ್ಟ ಒಡವೆ ಬಿಡಿಸಿಕೊಳ್ಳುತ್ತೇವೆ. ಸೆರೆ ಬಿಡಿಸುತ್ತೇವೆ. ಗಂಟು ಬಿಡಿಸುತ್ತೇವೆ. ಒಗಟು ಬಿಡಿಸುತ್ತೇವೆ, ಅಂದರೆ ಗುಟ್ಟುಬರಹಕ್ಕೂ ಆಗುತ್ತದೆ. ಬೀಗದ್ದಾಗಲಿ, ಕಲಸಿದ್ದಾಗಲಿ, ವಸ್ತು ಹಾಳಾಗದೆ ಕೈಗೆ ಬಂತು ಅನ್ನುವ ಅರ್ಥ ಅದರಲ್ಲೇ ಇದೆ. ‘ತೆಗೆ’ಗೆ ಇಲ್ಲದ ಕಾಳಜಿ ಇದಕ್ಕಿದೆ. ಆ ಫೋನ್‌ನಲ್ಲಿ “ಡಿಸ್ಕ್‌ನಿಂದ ಫೋಟೋ ಬಿಡಿಸಿಕೊಡ್ತೀರಾ?” ಅಂದಿದ್ದರೆ ‘ಹೊಸದರ ಥರ ಆಗುತ್ತೆ’ ಅನ್ನುವ ಉತ್ತರ ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಒಂದೇ ತೊಡಕು. ‘ಫೋಟೋ’ ಬದಲು ‘ಚಿತ್ರ’ ಅಂತ ಬರೆದರೆ, ಚಿತ್ರ ಬಿಡಿಸುವುದು ಅಂದರೆ ಪೆನ್ಸಿಲ್ ಹಿಡಿದು ಕೂರುವ ಕೆಲಸ. ‘ಬಿಡಿಸಿಕೊ’ ಅಂದಾಗ ಆ ಅರ್ಥ ಬಿಟ್ಟುಹೋಗುತ್ತದೆಯಾ, ಅಥವಾ ಅಲ್ಲೂ ಅಂಟಿಕೊಂಡೇ ಇರುತ್ತದೆಯಾ? ನಿಮ್ಮ ಕಡೆ ಇದಕ್ಕೆ ಇನ್ನೇನಾದರೂ ಅನ್ನುತ್ತಾರಾ? ಕೀಲಿ ನಿಮ್ಮ ಮನೆಯಲ್ಲಿ ಬಾಗಿಲ ಮೇಲಿರುತ್ತದೋ, ಸೆರಗಿನ ತುದಿಯಲ್ಲಿರುತ್ತದೋ, ಅದನ್ನೂ ಹೇಳಿ.