ಅಪ್‌ಡೇಟ್: ಮರಿ ಕ್ರೇಟ್ ಒಳಗೆ ಕೊನೆಗೆ ಏನು ಹಾಕಿದ್ವಿ ಅಂತ

ಹೋದ ಸಲ ಕೇಳಿದ್ನಲ್ಲ, ಮೂರು ತಿಂಗಳ ನಾಯಿಮರಿ ಕ್ರೇಟ್‌ನಲ್ಲಿ (ಅದನ್ನ ಮಲಗಿಸೋ ಕಂಬಿ ಪಂಜರ) ಹಾಸಿದ್ದೆಲ್ಲಾ ಕಿತ್ತು ಹಾಕುತ್ತೆ, ರಾತ್ರಿ ಒಂದೇ ಸಮ ಅಳುತ್ತೆ, ಏನು ಹಾಕ್ಲಿ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಮೊದಲು ಆ ಸ್ಪಂಜಿನ ಹಾಸಿಗೆ ಎತ್ತಿದೆ. ನೋಡಿದ್ರೆ ಒಂದು ಮೂಲೇಲಿ ಹೆಬ್ಬೆರಳು ಹೋಗೋಷ್ಟು ತೂತು, ಮರಿ ಮೀಸೆಗೆಲ್ಲಾ ಹಳದಿ ಚೂರು ಅಂಟಿತ್ತು, ಎದೆ ಧಸಕ್ ಅಂತು. ತಕ್ಷಣ ಡಾಕ್ಟರ್ ಹತ್ರ ಓಡಿದೆ, ಸದ್ಯ ಏನೂ ಆಗಿರ್ಲಿಲ್ಲ, ಆದ್ರೆ ಸ್ಪಂಜು, ದಾರ, ಬಟ್ಟೆ ಚೂರು ನುಂಗಿದ್ರೆ ಕರುಳಲ್ಲಿ ಸಿಕ್ಕಿಹಾಕ್ಕೊಂಡು ಆಪರೇಷನ್ ವರೆಗೂ ಹೋಗಬಹುದಂತೆ, ಪದೇಪದೇ ವಾಂತಿ ಮಾಡಿದ್ರೆ, ಊಟ ಬಿಟ್ರೆ ಕಾಯಬೇಡಿ ಅಂದ್ರು.

ಈಗ ಒಂದೇ ಒಂದು ಫ್ಲೀಸ್ ಬಟ್ಟೆ, ಮೆತ್ತಗಿನ ಕಂಬಳಿ ಥರದ್ದು. ಟವೆಲ್ ಬೇಡ ಅಂದಿದ್ರಿ, ನಿಜ, ಉಗುರು ಸಿಕ್ಕಿ ಎಳೆ ಎದ್ದು ಬರುತ್ತೆ. ಫ್ಲೀಸನ್ನೂ ಬಾಯಿಗೆ ಹಾಕಿದ ದಿನ ತೆಗೆದುಬಿಡ್ತೀನಿ, ಕ್ರೇಟ್ ತಳದ ಬರೀ ಟ್ರೇ ಮೇಲೂ ಆರಾಮಾಗಿ ಮಲಗುತ್ತೆ. ಆಟಿಕೆ ಅಂದ್ರೆ ಒಂದು ಗಟ್ಟಿ ರಬ್ಬರ್‌ದು, ಪೂರ್ತಿ ಬಾಯೊಳಗೆ ಹೋಗದಷ್ಟು ದೊಡ್ಡದು. ಗುಂಡಿ ಕಣ್ಣಿನ ಗೊಂಬೆ, ಕೀಂ ಕೀಂ ಅನ್ನೋದು, ಹಗ್ಗದ್ದು ಇವೆಲ್ಲಾ ನಾವು ಎದುರಿಗಿದ್ದಾಗ ಮಾತ್ರ. ಒಳಗೆ ಬಿಡೋ ಮುಂಚೆ ಕಾಲರ್ ಕೂಡ ಬಿಚ್ತೀನಿ, ಕಂಬಿಗೆ ಸಿಕ್ಕಿದ್ರೆ ಕುತ್ತಿಗೆ ಬಿಗಿಯುತ್ತೆ.

ಅಳು ನಿಲ್ಲಿಸಿದ್ದು ಮಾತ್ರ ಯಾವ ಆಟಿಕೇನೂ ಅಲ್ಲ, ಕ್ರೇಟನ್ನ ನನ್ನ ಮಂಚದ ಪಕ್ಕಕ್ಕೆ ತಂದಿದ್ದು. ರಾತ್ರಿ ಕಂಬಿ ಸಂದಿಯಿಂದ ಬೆರಳು ಇಡ್ತೀನಿ, ಮೂಸಿ ನೋಡಿ ಅದಕ್ಕೇ ಮೂಗು ಒತ್ಕೊಂಡು ನಿದ್ದೆ ಹೋಗುತ್ತೆ.