ಮರು: ಮರು: ‘ತಲಾಂತು’ – ಬ್ಯಾನರಿಗೆ ಪದ ಬೇಕು, ತುರ್ತು

> ರವಿವಾರ ಬೆಳಗಾವಿಯಲ್ಲಿ ನಮ್ಮ ಚರ್ಚ್ ಸಭೆಯ ಕಾರ್ಯಕ್ರಮ ಇದೆ. ಬ್ಯಾನರಿನಲ್ಲಿ ಮೇಲೆ ‘ತಲಾಂತುಗಳ ಸಾಮ್ಯ’, ಕೆಳಗೆ ‘ಮಕ್ಕಳ ತಲಾಂತು ಪ್ರದರ್ಶನ’ ಅಂತ ಬರೆದಿದ್ದೇವೆ. ಹೊರಗಿನವರಿಗೆ ತಿಳಿಯಲ್ಲ ಅಂತಾರೆ. ಬೇರೆ ಪದ ಇದೆಯಾ? ನಾಳೆ ಮಧ್ಯಾಹ್ನ ಪ್ರಿಂಟಿಗೆ ಕೊಡಬೇಕು.

ಅಕ್ಕಾ, ಎರಡು ಸಾಲಿಗೂ ಒಂದೇ ಪದ ಹುಡುಕಬೇಡಿ. ತೊಡಕು ಇರೋದೇ ಅಲ್ಲಿ. ಮೇಲಿನದು ಯೇಸು ಹೇಳಿದ ಸಾಮ್ಯ, ಅಂದರೆ ನೀತಿಕಥೆ; ಕೆಳಗಿನದು ಮಕ್ಕಳ ಕಾರ್ಯಕ್ರಮ.

> ತಲಾಂತು ಅಂದ್ರೆ ಟ್ಯಾಲೆಂಟ್. ‘ಪ್ರತಿಭೆ’ ಅಂತ ಹಾಕಿ, ಮುಗೀತು.

ಮುಗಿಯಲ್ಲ. ಬೈಬಲಿನಲ್ಲಿ ಮತ್ತಾಯ 25ರ 15ನೇ ವಚನ ತೆಗೆದು ನೋಡಿ. ಯಜಮಾನ ಒಬ್ಬ ಆಳಿಗೆ 5, ಇನ್ನೊಬ್ಬನಿಗೆ 2, ಮತ್ತೊಬ್ಬನಿಗೆ 1 ತಲಾಂತು ಕೊಟ್ಟ. ಯಾವ ಲೆಕ್ಕದಲ್ಲಿ? ಅವರವರ ಸಾಮರ್ಥ್ಯ ನೋಡಿ. ಅಂದಮೇಲೆ ಸಾಮರ್ಥ್ಯ ಬೇರೆ, ತಲಾಂತು ಬೇರೆ ಅಲ್ವಾ? ‘ಪ್ರತಿಭೆ ನೋಡಿ ಪ್ರತಿಭೆ ಕೊಟ್ಟ’ ಅಂದರೆ ಮಾತಿಗೆ ಅರ್ಥವೇ ಇಲ್ಲ.

ತಲಾಂತು ದುಡ್ಡು. ಅದಕ್ಕೂ ಮೊದಲು ಅದೊಂದು ತೂಕ. ಗ್ರೀಕಿನಲ್ಲಿ ‘ತಾಲಾಂತೊನ್’ ಅಂದರೆ ತಕ್ಕಡಿ, ಆಮೇಲೆ ಅದರಲ್ಲಿ ತೂಗಿದ ಬೆಳ್ಳಿ. ಸಂಸ್ಕೃತದ ‘ತುಲಾ’ ಕೂಡ ಅದೇ ಬೇರಿನದು. ತುಲಾಭಾರ ಅಂತೀವಲ್ಲ, ಅದೇ ತುಲಾ. (ನಮ್ಮ ‘ತೂಗು’, ‘ತೂಕ’ ಬೇರೆ, ಅವು ದ್ರಾವಿಡ. ದಯವಿಟ್ಟು ಕೂಡಿಸಬೇಡಿ.) ಇಂಗ್ಲಿಷಿನವರು ಈ ಸಾಮ್ಯವನ್ನೇ ಬೋಧಿಸಿ ಬೋಧಿಸಿ ‘ಟ್ಯಾಲೆಂಟ್’ ಪದಕ್ಕೆ ಜಾಣತನ ಅನ್ನೋ ಅರ್ಥ ಬಂತು. ಆ ಅರ್ಥ ತಿರುಗಿ ನಮ್ಮ ‘ತಲಾಂತಿ’ಗೂ ಅಂಟಿದೆ.

> ಗ್ರೀಕೂ ಬೇಡ, ಸಂಸ್ಕೃತವೂ ಬೇಡ. ‘ಅಳವು’ ಅನ್ನಿ. ಎರವಲು ಪದಗಳಿಂದಲೇ ಕನ್ನಡ ಹಾಳಾಗಿದ್ದು.

‘ಅಳವು’ ಬೇಡ. ಅದೂ ಸಾಮರ್ಥ್ಯವೇ, ಮೇಲೆ ಹೇಳಿದ ತಪ್ಪೇ. ಇನ್ನು ಎರವಲಿನ ಮಾತು. ಲೂಕ 15ರಲ್ಲಿ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ನಾಣ್ಯ ನಮ್ಮ ಹಳೆಯ ಬೈಬಲಿನಲ್ಲಿ ‘ಪಾವಲಿ’. ಮೂಲದಲ್ಲಿ ಅದು ದ್ರಾಖ್ಮೆ, ಗ್ರೀಕರ ಬೆಳ್ಳಿ ನಾಣ್ಯ. ಪಾವಲಿ ಅಂದರೆ ಕಾಲು ರೂಪಾಯಿ, ನಾಲ್ಕಾಣೆ. ಮರಾಠಿಯಲ್ಲೂ ಅದೇ ಪದ. ಎರವಲು ಅಂತ ಅದನ್ನೂ ಕಿತ್ತು ಹಾಕೋಣವೇ? ಆ ಪದ ಇದ್ದಿದ್ದಕ್ಕೇ ನನ್ನ ಅಜ್ಜಿಗೆ ಆ ಹೆಂಗಸಿನ ಸಂಕಟ ತಕ್ಷಣ ತಿಳಿಯಿತು. ಭಾಷಾಂತರ ಮಾಡಿದವರು ಪೇಟೆಯಲ್ಲಿ ಓಡಾಡುವ ನಾಣ್ಯ ತಂದು ಅಲ್ಲಿ ಇಟ್ಟರು. ತಲಾಂತಿನ ತೂಕಕ್ಕೆ ನಮ್ಮಲ್ಲಿ ನಾಣ್ಯ ಇರಲಿಲ್ಲ, ಹಾಗೇ ಬಿಟ್ಟರು. ಎರಡೂ ಸರಿ.

ಎಷ್ಟು ದೊಡ್ಡದು ಅಂದರೆ, 1 ತಲಾಂತಿಗೆ 6,000 ದಿನಾರಿ. ದಿನಾರಿ ಅಂದಿನ ರೋಮನ್ ನಾಣ್ಯ, ಒಬ್ಬನ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 20 ವರ್ಷದ ಕೂಲಿ ಆಯಿತು. ‘ನನಗೇನು, ಒಂದೇ ತಲಾಂತು’ ಅಂತ ಹಿಂದಿನ ಬೆಂಚಿನಲ್ಲಿ ಕೂರುವವರಿಗೆ ಇದನ್ನು ಯಾರಾದರೂ ಹೇಳಬೇಕು. ಒಂದೇ ತಲಾಂತು ಸಿಕ್ಕಿ, ಅದನ್ನು ದುಡಿಸದೆ ನೆಲ ಅಗೆದು ಹೂತಿಟ್ಟ ಆ ಮೂರನೇ ಆಳಿನ ಕೈಯಲ್ಲೂ 20 ವರ್ಷದ ದುಡಿಮೆ ಇತ್ತು.

ನಮ್ಮದು ಗುಳೇದಗುಡ್ಡ. ಅಜ್ಜ ಸಾವಕಾರರಿಂದ ರೇಷ್ಮೆ ತಂದು ಮನೆಯ ಮಗ್ಗದಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುತ್ತಿದ್ದರು. ಸಾವಕಾರರು ರೇಷ್ಮೆ ಕೊಡುವಾಗ ತೂಗಿ ಕೊಡುತ್ತಿದ್ದರು, ಖಣ ಒಪ್ಪಿಸುವಾಗ ಮತ್ತೆ ತೂಗುತ್ತಿದ್ದರು. ನೂಲು ಅವರದು, ಕೈ ನಮ್ಮದು. ಒಮ್ಮೆ ಅಜ್ಜ ಹುಷಾರಿಲ್ಲದೆ ಮಲಗಿದಾಗ ನೂಲಿನ ಒಂದು ಗಂಟು ಅಟ್ಟದ ಮೇಲೆ ಹಾಗೇ ಉಳಿಯಿತು. ಮಳೆಗಾಲ ಮುಗಿದು ಬಿಚ್ಚಿದರೆ ಇಲಿ ಕಡಿದು, ಬೂಸ್ಟು ಹಿಡಿದಿತ್ತು. ಅಜ್ಜ ಆ ಎಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಸುಮ್ನೆ ಕೂತಿದ್ದರು. ‘ನಮ್ಮದಾಗಿದ್ರ ಹೋಗ್ಲಿ ಅನ್ಬಹುದಿತ್ತು’ ಅಂದರು. ತಲಾಂತು ಅಂದಾಗಲೆಲ್ಲ ನನಗೆ ಆ ಗಂಟು ಕಾಣುತ್ತದೆ. ಅದು ಇನ್ನೊಬ್ಬರದು. ನಂಬಿ ತೂಗಿ ಕೊಟ್ಟಿದ್ದು. ಮಗುವಿನ ಹಾಡೂ ಅಂಥ ನೂಲೇ ಅಂತ ಬೋಧನೆಯಲ್ಲಿ ಹೇಳಲಿ, ಬೇಡ ಅನ್ನಲ್ಲ. ಆದರೆ ಪದದ ಅರ್ಥವೇ ಹಾಡು-ಕುಣಿತ ಅಂತ ಮಕ್ಕಳಿಗೆ ಕಲಿಸಬೇಡಿ.

‘ಸಾಮ್ಯ’ ಹಾಗೇ ಇರಲಿ. ಕಥೋಲಿಕರು ‘ಸಾಮತಿ’ ಅಂತಾರೆ, ಮರಾಠಿ ಸಭೆಯಲ್ಲಿ ‘ದಾಖಲಾ’ ಅಂತಾರೆ. ಬೆಳಗಾವಿಯಲ್ಲಿ ಎಲ್ಲವೂ ನಡೆಯುತ್ತದೆ.

ನಾಳೆ ಮಧ್ಯಾಹ್ನ ಅಂದಿರಿ. ಹೀಗೆ ಕೊಡಿ:

ತಲಾಂತುಗಳ ಸಾಮ್ಯ: ನಂಬಿ ಒಪ್ಪಿಸಿದ ಗಂಟು
ಮಕ್ಕಳ ಹಾಡು, ನಾಟಕ, ಚಿತ್ರ

ಎರಡನೇ ಸಾಲಿನಲ್ಲಿ ‘ಪ್ರದರ್ಶನ’ ಕೂಡ ಬೇಕಿಲ್ಲ. ‘ಒಪ್ಪಿಸಿದ’ ಪದಕ್ಕೆ ‘ಪ’ ಒತ್ತು ಬಿಡದಂತೆ ಪ್ರಿಂಟಿನವರಿಗೆ ಹೇಳಿ. ಹೋದ ಸಲ ನಮ್ಮ ಬ್ಯಾನರಿನಲ್ಲಿ ಒತ್ತಕ್ಷರಗಳೇ ಮಾಯವಾಗಿದ್ದವು.